ಆಗ್ನೇಯ ಮೂಲೆಯ ಪೆಟ್ಟಿಗೆ

ಸಂಘದ ಕಾರ್ಯಕ್ರಮಗಳಿಗೆ ಅಪ್ಪ ಅಮ್ಮನ ಬಲವಂತಕ್ಕೆ ಬಂದು, ಹಿಂದಿನ ಸಾಲಿನಲ್ಲಿ ಕುಳಿತು, ಎರಡೂ ಕಿವಿಗೆ ಬಿಳಿಯ ಗುಂಡಿಗಳನ್ನು ಸಿಕ್ಕಿಸಿಕೊಂಡು ತಲೆದೂಗುವ ಮಕ್ಕಳೇ, ಈ ಲೇಖನ ನಿಮಗಾಗಿ. ಬೈಯುವುದಕ್ಕೆ ಬರೆಯುತ್ತಿಲ್ಲ, ಗಾಬರಿ ಬೇಡ. ಭಾಷಣದ ಹೊತ್ತಿನಲ್ಲಿ ಕಿವಿಗೆ ಹಾಗೇನಾದರೂ ಸಿಕ್ಕಿಸಿಕೊಳ್ಳೋಣವೆಂದು ನನಗೂ ಎಷ್ಟೋ ಸಲ ಅನ್ನಿಸಿದ್ದುಂಟು.

ಕಳೆದ ಸಲದ ಕಾರ್ಯಕ್ರಮದಲ್ಲಿ ಊಟದ ಸಾಲಿನಲ್ಲಿ ನಿಂತಿದ್ದಾಗ ನಿಮ್ಮಲ್ಲೊಬ್ಬಳು ನನ್ನನ್ನು ಕೇಳಿದಳು: "ಆಂಟಿ, ನಿಮ್ಮ ಕಾಲದಲ್ಲಿ ಹಾಡಿಗೆ ಸಬ್‌ಸ್ಕ್ರಿಪ್ಷನ್ ಎಲ್ಲ ಇರಲಿಲ್ಲ ಅಲ್ವಾ? ಫ್ರೀ ಆಗಿ ಕೇಳ್ತಿದ್ರಾ?" ಕೈಯಲ್ಲಿ ಬಿಸಿಬೇಳೆ ಭಾತಿನ ತಟ್ಟೆ ಇತ್ತು, ಹಿಂದಿನವರು ತಳ್ಳುತ್ತಿದ್ದರು, ಉತ್ತರ ಕೊಡಲಾಗಲಿಲ್ಲ. ಇಲ್ಲಿ ಕೊಡುತ್ತಿದ್ದೇನೆ.

ಇತ್ತಮ್ಮ. ಚೆನ್ನಾಗಿಯೇ ಇತ್ತು. ನಾನು ಚಿಕ್ಕವಳಿದ್ದಾಗ ಮನೆಯಲ್ಲಿ ರೇಡಿಯೋ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಾಗಿತ್ತು. ಬಂದೂಕಿಗೆ ಬೇಕಲ್ಲ, ಹಾಗೆ! ಅಪ್ಪ ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ಹಣ ಕಟ್ಟಿ, ಒಂದು ಚಿಕ್ಕ ಪುಸ್ತಕದಲ್ಲಿ ಅದರ ಗುರುತಿಗೆ ಸ್ಟಾಂಪು ಹಚ್ಚಿಸಿಕೊಂಡು ಬರುತ್ತಿದ್ದರು. 1980ರ ದಶಕದಲ್ಲಿ ಸರಕಾರ ಅದನ್ನು ರದ್ದು ಮಾಡಿತು. ಆದರೂ ಅಪ್ಪ ಆ ಪುಸ್ತಕವನ್ನು ಬಹಳ ವರ್ಷ ಬೀರುವಿನಲ್ಲಿ ಜೋಪಾನವಾಗಿ ಇಟ್ಟಿದ್ದರು. ಯಾರಾದರೂ ಬಂದು ಕೇಳಿದರೆ ತೋರಿಸಬೇಕಲ್ಲ ಎನ್ನುತ್ತಿದ್ದರು. ಯಾರೂ ಬರಲಿಲ್ಲ.

ನಾನು ಹೇಳಹೊರಟಿದ್ದು ಆ ರೇಡಿಯೋದ ಕತೆಯಲ್ಲ, ಇನ್ನೊಂದರ ಕತೆ. ನೀವು ಪ್ರೈಮರಿ ಶಾಲೆಯಲ್ಲಿದ್ದಾಗಲೋ ಹುಟ್ಟುವುದಕ್ಕೆ ಮೊದಲೋ ನಮ್ಮ ಇಂದಿರಾಪುರಂ ಮನೆಗೆ ಬಂದು, ಮೂರು ವರ್ಷ ಇದ್ದು ಹೊರಟುಹೋದ ಒಂದು ಪೆಟ್ಟಿಗೆಯ ಕತೆ.

1992ರಲ್ಲಿ ಮದುವೆಯಾಗಿ ದೆಹಲಿಗೆ ಬಂದಾಗ ನನ್ನ ಪೆಟ್ಟಿಗೆಯಲ್ಲಿ ಹದಿನಾಲ್ಕು ಕ್ಯಾಸೆಟ್ ಇದ್ದವು. ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್, ಶಿವಮೊಗ್ಗ ಸುಬ್ಬಣ್ಣ, ಆಮೇಲೆ ರಾಜಕುಮಾರರ ಸಿನಿಮಾ ಹಾಡುಗಳು. ಟೇಪು ಸಿಕ್ಕಿಕೊಂಡಾಗ ರೆನಾಲ್ಡ್ಸ್ ಪೆನ್ನು ತೂರಿಸಿ ಸುತ್ತುತ್ತಿದ್ದೆ. ಹತ್ತು ವರ್ಷದಲ್ಲಿ ದೆಹಲಿಯ ಬೇಸಿಗೆಗೆ ಎಲ್ಲ ಹಾಡುಗಾರರ ದನಿಯೂ ನೆಗಡಿ ಬಂದಂತಾಯಿತು. ರೇಡಿಯೋದಲ್ಲಿ ಕನ್ನಡ ಕೇಳೋಣವೆಂದರೆ ತಮಾಷೆ ನೋಡಿ, ಆಗ ಕನ್ನಡ ವಾರ್ತೆಯನ್ನು ಓದುತ್ತಿದ್ದುದೇ ದೆಹಲಿಯ ಆಕಾಶವಾಣಿ ಭವನದಲ್ಲಿ ಕುಳಿತು. ಅದು ಸ್ಪಷ್ಟವಾಗಿ ಕೇಳುತ್ತಿದ್ದುದು ಮಾತ್ರ ಕರ್ನಾಟಕದಲ್ಲಿ. ನಾವು ಶಾರ್ಟ್‌ವೇವ್‌ನ ಮುಳ್ಳು ತಿರುಗಿಸುತ್ತ, ಮಳೆ ಸುರಿದಂಥ ಸದ್ದಿನ ನಡುವೆ ಒಂದೆರಡು ಶಬ್ದ ಹೆಕ್ಕಿಕೊಳ್ಳುತ್ತಿದ್ದೆವು.

2004ರಲ್ಲಿ ಇಂದಿರಾಪುರಂನ ಫ್ಲಾಟಿಗೆ ಬಂದೆವು. ಆಗ ಇಲ್ಲಿ ಅರ್ಧ ಕಟ್ಟಡ, ಅರ್ಧ ಧೂಳು. ಕರೆಂಟು ಹೋದರೆ ಜನರೇಟರು, ಜನರೇಟರು ನಿಂತರೆ ಕತ್ತಲೆ. ವೈಶಾಲಿಗೆ ಮೆಟ್ರೋ ಬಂದದ್ದು 2011ರಲ್ಲಿ. ಮಾವನವರು ತೀರಿಕೊಂಡ ಮೇಲೆ, 2005ರಲ್ಲಿ, ಅತ್ತೆಯನ್ನು ತೀರ್ಥಹಳ್ಳಿಯ ಕಡೆಯ ಊರಿಂದ ಇಲ್ಲಿಗೆ ಕರೆದುಕೊಂಡು ಬಂದೆವು.

ತುಂಗಾ ನದಿಯ ದಂಡೆಯಿಂದ ಒಬ್ಬರನ್ನು ಎತ್ತಿ ಏಳನೆಯ ಮಹಡಿಯಲ್ಲಿಟ್ಟರೆ ಏನಾಗುತ್ತದೆಂದು ನಾನು ಯೋಚಿಸಿರಲಿಲ್ಲ. ಅತ್ತೆಗೆ ಹಿಂದಿಯ ಒಂದಕ್ಷರ ಬರುತ್ತಿರಲಿಲ್ಲ. ಲಿಫ್ಟಿನಲ್ಲಿ ಯಾರಾದರೂ ನಮಸ್ತೆ ಎಂದರೆ ನಮಸ್ಕಾರ ಎಂದು ಕೈ ಮುಗಿದು, ಆಮೇಲೆ ಅವರ ಮುಖವನ್ನೇ ನೋಡುತ್ತ ನಿಲ್ಲುತ್ತಿದ್ದರು. ಪಾತ್ರೆ ತೊಳೆಯಲು ಬರುತ್ತಿದ್ದ ಬಂಗಾಳಿ ಹೆಂಗಸಿನ ಜೊತೆ ಮಾತ್ರ ಅವರದು ದಿನವೂ ಅರ್ಧ ಗಂಟೆ ಮಾತು. ಇವರು ಕನ್ನಡದಲ್ಲಿ, ಅವಳು ಬಂಗಾಳಿಯಲ್ಲಿ. ಅವಳ ಗಂಡ ಕುಡಿಯುತ್ತಾನೆ, ದೊಡ್ಡ ಮಗಳಿಗೆ ಮದುವೆ ಗೊತ್ತಾಗಿದೆ ಎಂಬುದೆಲ್ಲ ನನಗೆ ತಿಳಿದದ್ದು ಅತ್ತೆಯಿಂದ. ಹೇಗೆ ಗೊತ್ತಾಯಿತು ಎಂದು ಕೇಳಿದರೆ, "ಎಂತ ಮಾರಾಯ್ತಿ, ಹೆಂಗಸರ ಮಾತಲ್ವನೇ" ಎನ್ನುತ್ತಿದ್ದರು.

ಅವಳು ಹೋದ ಮೇಲೆ ಉಳಿಯುತ್ತಿದ್ದವಳು ನಾನೊಬ್ಬಳೇ. ಇಲ್ಲಿ ಸ್ವಲ್ಪ ನಿಜ ಹೇಳಬೇಕು. ಅತ್ತೆಯ ಬಳಿ ಹೇಳಲು ಐದಾರು ಕತೆಗಳಿದ್ದವು. ತುಂಗೆಗೆ ನೆರೆ ಬಂದ ವರ್ಷ, ದಾಯಾದಿಗಳು ತೋಟದ ಬೇಲಿ ಜರುಗಿಸಿದ್ದು, ಅಡಕೆಗೆ ಕೊಳೆ ರೋಗ ಬಂದದ್ದು, ನಮ್ಮವರು ಚಿಕ್ಕಂದಿನಲ್ಲಿ ಹಲಸಿನ ಮರದಿಂದ ಬಿದ್ದದ್ದು. ಮೊದಲ ಸಲ ಕೇಳಿದಾಗ ಚೆನ್ನಾಗಿದ್ದವು. ನಲವತ್ತನೆಯ ಸಲಕ್ಕೆ ನಾನು ಬೇಲಿಯ ಗೂಟಗಳನ್ನು ಎಣಿಸಬಲ್ಲವಳಾಗಿದ್ದೆ. ನಮ್ಮ ಕೇಬಲ್ಲಿನವನ ಬಳಿ ಕನ್ನಡ ಚಾನೆಲ್ ಇರಲಿಲ್ಲ. ಇದ್ದರೂ ಅತ್ತೆಯ ಕಣ್ಣಿಗೆ ಪೊರೆ ಬಂದಿತ್ತು. ಊರಲ್ಲಿದ್ದಾಗ ಬೆಳಗಿನಿಂದ ರಾತ್ರಿಯವರೆಗೆ ಭದ್ರಾವತಿ ಆಕಾಶವಾಣಿ ಕೇಳಿದ ಕಿವಿ ಅದು.

ಆ ಹೊತ್ತಿಗೆ ವರ್ಲ್ಡ್‌ಸ್ಪೇಸ್ ಎಂಬ ಹೆಸರು ಕೇಳಿಬಂತು. ನಿಮಗೆ ಗೊತ್ತಿರಲಾರದು. ಇಥಿಯೋಪಿಯಾದಲ್ಲಿ ಹುಟ್ಟಿದ ನೋವಾ ಸಮಾರಾ ಎಂಬುವರು 1990ರಲ್ಲಿ ಅಮೆರಿಕದಲ್ಲಿ ಕಟ್ಟಿದ ಕಂಪನಿ ಅದು. ಆಫ್ರಿಕಾದ ಹಳ್ಳಿಗಳಿಗೆ ಏಯ್ಡ್ಸ್ ಬಗ್ಗೆ ತಿಳಿವಳಿಕೆ ಮುಟ್ಟಿಸಬೇಕೆಂಬ ಯೋಚನೆಯಿಂದ ಹುಟ್ಟಿದ್ದಂತೆ. 1998ರಲ್ಲಿ ಆಫ್ರಿಕಾಕ್ಕಾಗಿ ಒಂದು ಉಪಗ್ರಹ, 2000ದ ಮಾರ್ಚಿನಲ್ಲಿ ಏಷ್ಯಾಕ್ಕಾಗಿ ಏಷ್ಯಾಸ್ಟಾರ್ ಎಂಬ ಇನ್ನೊಂದು ಉಪಗ್ರಹ ಹಾರಿಸಿದರು. ಪುಟ್ಟ ರೇಡಿಯೋ ಪೆಟ್ಟಿಗೆಯೊಂದನ್ನು ಕೊಂಡು, ವರ್ಷಕ್ಕಿಷ್ಟು ಎಂದು ಚಂದಾ ಕಟ್ಟಿದರೆ, ಆಕಾಶದಿಂದ ನೇರವಾಗಿ ಹತ್ತಾರು ಚಾನೆಲ್ಲು. ಜಾಹೀರಾತಿನ ಕಾಟವಿಲ್ಲ. ಭಾರತದ ಕಚೇರಿ ಬೆಂಗಳೂರಿನಲ್ಲೇ ಇತ್ತು. ಎ. ಆರ್. ರೆಹಮಾನ್ ಅದರ ಪ್ರಚಾರಕ್ಕೆ ನಿಂತಿದ್ದರು. ಕರ್ನಾಟಕ ಸಂಗೀತಕ್ಕೆ ಶ್ರುತಿ, ಹಿಂದೂಸ್ತಾನಿಗೆ ಗಂಧರ್ವ, ಮತ್ತು ಮುಖ್ಯವಾಗಿ ಕನ್ನಡಕ್ಕೆಂದೇ ಒಂದು ಚಾನೆಲ್: ಸ್ಪರ್ಶ.

2006ರ ಕೊನೆಯಲ್ಲಿ ಕೊಂಡೆವು. ಪೆಟ್ಟಿಗೆ, ಚಂದಾ ಎಲ್ಲ ಸೇರಿ ಆಗಿನ ನಮ್ಮ ಒಂದು ತಿಂಗಳ ದಿನಸಿಯಷ್ಟಾಯಿತು. ಇವರು ತಾಯಿಗಾಗಿ ಎಂದು ಬಿಲ್ಲು ನೋಡದೆ ಕೊಟ್ಟರು. ನನ್ನ ಸೀರೆಯ ಬಿಲ್ಲಾದರೆ ಎರಡು ಸಲ ಕೂಡಿ ನೋಡುತ್ತಾರೆ, ಇರಲಿ.

ಯಂತ್ರ ಬಂದರೆ ಅದರ ಜೊತೆಗಿನ ಪುಸ್ತಕ ಓದುವುದು ನಮ್ಮ ಮನೆಯಲ್ಲಿ ನನ್ನ ಪಾಲು. ಬಿ.ಎ.ಯಲ್ಲಿ ಇಂಗ್ಲಿಷ್ ಓದಿದ್ದಕ್ಕೆ ಸಂಸಾರದಲ್ಲಿ ಸಿಕ್ಕ ಏಕಮಾತ್ರ ಅಧಿಕಾರ ಅದು. ಓದಿದೆ. ಉಪಗ್ರಹ ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, 105 ಡಿಗ್ರಿ ಪೂರ್ವ ರೇಖಾಂಶದ ನೇರಕ್ಕೆ, ಭೂಮಿಯ ಜೊತೆಗೇ ತಿರುಗುತ್ತ, ನಮ್ಮ ಕಣ್ಣಿಗೆ ಒಂದೇ ಕಡೆ ನಿಂತಂತೆ ಇರುತ್ತದೆ. ಅಂಗೈಯಗಲದ ಚಪ್ಪಟೆ ಆಂಟೆನಾವನ್ನು ಅದರ ಕಡೆ ಮುಖ ಮಾಡಿ ಇಡಬೇಕು. ನಡುವೆ ಗೋಡೆ, ಮರ, ಏನೂ ಅಡ್ಡ ಬರಬಾರದು. ದೆಹಲಿಯಿಂದ ಅದು ದಕ್ಷಿಣ ಪೂರ್ವಕ್ಕೆ, ಬಾನಿನಲ್ಲಿ ಅರ್ಧ ಎತ್ತರಕ್ಕೆ. ಮಗ ಶಾಲೆಯ ದಿಕ್ಸೂಚಿ ತಂದು ಬಾಲ್ಕನಿಯಿಂದ ಬಾಲ್ಕನಿಗೆ ಓಡಾಡಿದ. ದಕ್ಷಿಣ ಪೂರ್ವವೆಂದರೆ ಆಗ್ನೇಯ. ವಾಸ್ತು ನೋಡಿ ಕೊಂಡ ಮನೆ. ಆಗ್ನೇಯದಲ್ಲಿ ಇರುವುದೇನು? ಅಡುಗೆಮನೆ!

ಹೀಗೆ ಅಮೆರಿಕದ ಉಪಗ್ರಹದ ಆಂಟೆನಾ ನಮ್ಮ ಅಡುಗೆಮನೆಯ ಪುಟ್ಟ ಬಾಲ್ಕನಿಯಲ್ಲಿ, ಅಕ್ಕಿಯ ಡಬ್ಬದ ಮೇಲೆ, ಸಂಡಿಗೆಯ ತಟ್ಟೆಯ ಪಕ್ಕದಲ್ಲಿ ಪ್ರತಿಷ್ಠಾಪನೆಯಾಯಿತು. ನಾನು ಪುಸ್ತಕ ಹಿಡಿದು, "ಇನ್ನೂ ಸ್ವಲ್ಪ ಎಡಕ್ಕೆ" ಎನ್ನುತ್ತಿದ್ದೆ. ಪರದೆಯ ಮೇಲಿನ ಗೆರೆಗಳು ಏರಿದವು. ಸದ್ದು ಬಂತು. ಗೊರಗೊರ ಇಲ್ಲ, ಮಳೆ ಇಲ್ಲ. ಪಕ್ಕದ ಕೋಣೆಯಲ್ಲಿ ಯಾರೋ ಕುಳಿತು ಮಾತಾಡಿದಂತೆ ಒಬ್ಬ ಹುಡುಗಿಯ ಕನ್ನಡ.

ಅತ್ತೆ ಪೂಜೆಯ ಕೋಣೆಯಿಂದ ಎದ್ದು ಬಂದರು. "ಯಾರೇ ಬಂದಿದ್ದು?"

ಅಂದಿನಿಂದ ಅತ್ತೆಯ ಮಣೆ ಅಡುಗೆಮನೆಗೆ ಬಂತು. ಬೆಳಗಿನಿಂದ ಸ್ಪರ್ಶ. ಆ ಹುಡುಗಿಯರ ಮಾತಿಗೆಲ್ಲ ಅವರು ಉತ್ತರ ಕೊಡುತ್ತಿದ್ದರು. ಅವರು "ಮತ್ತೆ ಸಿಗೋಣ" ಎಂದರೆ ಇವರು "ಆಯ್ತು, ಬನ್ನಿ" ಎನ್ನುವುದು. ಯಾವುದೋ ಹೊಸ ಸಿನಿಮಾದ ಧಡಧಡ ಹಾಡು ಬಂದರೆ "ಎಂತ ಗಲಾಟೆ ಮಾಡ್ತಾರೆ, ಹುಡುಗ್ರು" ಎಂದು ನಗುವುದು. ಕರೆಂಟು ಹೋದರೆ ಬ್ಯಾಟರಿಯಲ್ಲಿ ನಡೆಯುತ್ತಿತ್ತು. ಕತ್ತಲ ಇಂದಿರಾಪುರಂನಲ್ಲಿ ನಮ್ಮ ಅಡುಗೆಮನೆಯಿಂದ ಪಿ. ಬಿ. ಶ್ರೀನಿವಾಸ್ ಹಾಡುತ್ತಿದ್ದರು.

ನನಗೋ ದೊಡ್ಡ ಹೊರೆ ಇಳಿದಂತಾಯಿತು. ಅತ್ತೆ ಬೇಲಿಯ ಕತೆ ಶುರು ಮಾಡುವ ಹೊತ್ತಿಗೆ, "ರೇಡಿಯೋ ಹಾಕಲಾ ಅತ್ತೆ?" ಎನ್ನುತ್ತಿದ್ದೆ. ಹಾಕಿ, ನನ್ನ ಪುಸ್ತಕ ಹಿಡಿದು ಕೋಣೆಗೆ ಹೋಗುತ್ತಿದ್ದೆ. ಆ ಮಾತಿಗೆ ಸಾಕು ಮಾಡಿ ಎಂಬ ಅರ್ಥವಿದೆಯೆಂದು ಅವರಿಗೆ ತಿಳಿಯುವುದಿಲ್ಲ ಎಂದುಕೊಂಡಿದ್ದೆ. ಬಂಗಾಳಿ ತಿಳಿದವರಿಗೆ ಇದು ತಿಳಿಯದೇ? ಒಂದು ಮಧ್ಯಾಹ್ನ ನಾನು ಕೇಳುವ ಮೊದಲೇ ಅವರೇ ಹೇಳಿದರು: "ಹಾಕಮ್ಮ, ಹಾಕಿ ಹೋಗು. ನಿನಗೂ ಕೆಲಸ ಇರತ್ತೆ." ಕೋಪ ಇರಲಿಲ್ಲ. ಕೋಪ ಇದ್ದಿದ್ದರೆ ನಾನೂ ಒಂದು ಮಾತು ಆಡಿ ಹಗುರಾಗುತ್ತಿದ್ದೆ.

2008ರಲ್ಲಿ ನಮ್ಮ ಎದುರಿನ ಖಾಲಿ ಜಾಗದಲ್ಲಿ ಹೊಸ ಟವರ್ ಏಳತೊಡಗಿತು. ಸರಿಯಾಗಿ ಆಗ್ನೇಯಕ್ಕೆ. ಒಂದೊಂದು ಮಹಡಿ ಏರಿದಂತೆ ನಮ್ಮ ಪೆಟ್ಟಿಗೆಯ ಒಂದೊಂದು ಗೆರೆ ಇಳಿಯಿತು. ನಾನು ಅಷ್ಟು ಆಸಕ್ತಿಯಿಂದ ಬೇರೆಯವರ ಮನೆಯ ಸ್ಲ್ಯಾಬು ನೋಡಿದ್ದು ಅದೊಂದೇ ಸಲ. ಕೊನೆಗೆ ಆಂಟೆನಾವನ್ನು ನಮ್ಮ ತಾರಸಿಗೆ ಏರಿಸಿ ಉದ್ದದ ವಯರು ಎಳೆಸಿದೆವು. ತಾರಸಿಯ ಒಡೆಯರಾದ ಮಂಗಗಳು ಎರಡು ಸಲ ಅದನ್ನು ತಿರುಗಿಸಿಟ್ಟವು. ಮಗ ಎರಡು ಸಲವೂ ಹತ್ತಿ ಸರಿ ಮಾಡಿದ. ಆಕಾಶದಿಂದ ನೇರವಾಗಿ ಬರುವ ಹಾಡಿಗೆ ಇದೇ ತೊಡಕು. ಕಟ್ಟಡಗಳ ನಡುವೆ, ಓಡುವ ಕಾರಿನಲ್ಲಿ ಕೇಳಬೇಕಾದರೆ ನೆಲದ ಮೇಲೆ ಊರೂರಲ್ಲಿ ಮರುಪ್ರಸಾರದ ಕಂಬಗಳು ಬೇಕು. ಅವು ಇಲ್ಲಿ ಬರಲಿಲ್ಲ.

ಕಂಪನಿಗೆ ಸಾಲ ಮಿತಿಮೀರಿತ್ತು. 2008ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ದಿವಾಳಿ ಅರ್ಜಿ ಹಾಕಿತು. ಅದರ ಚಂದಾದಾರರಲ್ಲಿ ಬಹುಪಾಲು ನಮ್ಮ ದೇಶದವರೇ. ಆದರೂ ಆ ಚಂದಾದಿಂದ ಉಪಗ್ರಹ ಹಾರಿಸಿದ ಖರ್ಚು ಹುಟ್ಟಲಿಲ್ಲ. 2009ರ ಡಿಸೆಂಬರ್ 31ಕ್ಕೆ ಭಾರತದ ಸೇವೆ ನಿಲ್ಲುತ್ತದೆಂದು ಸುದ್ದಿ ಬಂತು. ನಮ್ಮ ಚಂದಾ ಹೇಗೂ ಆ ತಿಂಗಳಿಗೇ ಮುಗಿಯುವುದಿತ್ತು, ಆದ್ದರಿಂದ ದುಡ್ಡಿನ ದೂರು ನನ್ನದಲ್ಲ.

ಅತ್ತೆಗೆ ಹೇಳುವ ಧೈರ್ಯ ನಮಗಿಬ್ಬರಿಗೂ ಆಗಲಿಲ್ಲ. ನೀವು ಹೇಳಿ ಎಂದು ನಾನು, ನೀನೇ ಹೇಳು ಎಂದು ಇವರು. ಜನವರಿ ಒಂದರ ಬೆಳಿಗ್ಗೆ ಹೊರಗೆ ದಟ್ಟ ಮಂಜು. ಪೆಟ್ಟಿಗೆಯ ದೀಪ ಉರಿಯುತ್ತಿತ್ತು, ಸದ್ದಿಲ್ಲ. ಅತ್ತೆ ಅದನ್ನು ಬಟ್ಟೆಯಿಂದ ಒರೆಸಿದರು. "ಮಂಜಿಗೆ ಹೀಗಾಗಿದ್ದೇನೋ" ಎಂದರು. ಎರಡು ದಿನ ಮಂಜಿನ ಮೇಲೆ ಹಾಕಿದೆವು. ಮೂರನೆಯ ದಿನ ಮಗ ಹೇಳಿಬಿಟ್ಟ: "ಅಜ್ಜಿ, ಆ ಕಂಪನಿ ಮುಚ್ಚಿಹೋಯ್ತು."

ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದ್ದು ಒಂದೇ. "ಹಾಗಾದ್ರೆ ಆ ಹುಡುಗೀರಿಗೆ ಕೆಲಸ ಹೋಯ್ತಲ್ಲನೋ? ಪಾಪ, ಈಗ ಎಂತ ಮಾಡ್ತಾರೋ." ಮೂರು ವರ್ಷ ಕೇಳಿದ ನಾವು ಯಾರೂ ಅದನ್ನು ಯೋಚಿಸಿರಲಿಲ್ಲ.

ಆ ಜನವರಿಯಲ್ಲಿ ನಮ್ಮ ಅಡುಗೆಮನೆ ಬಹಳ ದೊಡ್ಡದಾದಂತೆ ಅನ್ನಿಸಿತು. ನಾನು ಪುಸ್ತಕ ಹಿಡಿದು ಕೋಣೆಗೆ ಹೋಗಲು ನಾಚಿಕೆಯಾಗಿ ಅಲ್ಲೇ ಬಟಾಣಿ ಸುಲಿಯುತ್ತ ಕೂರುತ್ತಿದ್ದೆ. ಒಂದು ದಿನ ಅತ್ತೆಯೂ ಸುಲಿಯುತ್ತ, ನನ್ನ ಕಡೆ ನೋಡದೆ, ಸಣ್ಣಗೆ ಹಾಡತೊಡಗಿದರು. ಹದಿನೆಂಟು ವರ್ಷದ ಸೊಸೆತನದಲ್ಲಿ ಅವರು ಹಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಹಸೆಗೆ ಕರೆಯುವ ಹಾಡು, ಎಣ್ಣೆ ಶಾಸ್ತ್ರದ ಹಾಡು, ಆರತಿಯ ಹಾಡು, ಬೀಗರನ್ನು ಹಂಗಿಸುವ ಹಾಡು. ಕೊನೆಯದಂತೂ ನಿಮ್ಮ ರ‍್ಯಾಪಿನವರು ಕೇಳಿದರೆ ತಲೆ ತಗ್ಗಿಸಬೇಕು, ಅಂಥ ಬೈಗುಳ! ಅವರಿಗೆ ಅವರ ಅತ್ತೆ ಕಲಿಸಿದ್ದಂತೆ. "ಊರಲ್ಲಿ ಯಾಕೆ ಹಾಡ್ತಿರಲಿಲ್ಲ ನೀವು?" ಎಂದೆ. "ಹಾಡ್ತಿದ್ದೆನೇ. ನೀನು ರಜಕ್ಕೆ ಬಂದಾಗ ಯಾರ ಮನೇಲೂ ಮದುವೆ ಇರ್ತಿರಲಿಲ್ಲ." ಇಲ್ಲಿಗೆ ಬಂದ ಮೇಲೆ? ಅದನ್ನು ನಾನು ಕೇಳಲಿಲ್ಲ. ಉತ್ತರ ಗೊತ್ತಿತ್ತು. ರೇಡಿಯೋ ಹಾಡುವಾಗ ಅವರು ಹಾಡುವುದು ಹೇಗೆ?

ಮಗನಿಗೆ ಅವನ ಚಿಕ್ಕಪ್ಪ ಕೊಟ್ಟ ಬೆಂಕಿಪೊಟ್ಟಣದಷ್ಟು ಚಿಕ್ಕ ಐಪಾಡ್ ಇತ್ತು. ಅದರಲ್ಲಿ ಹಾಡು ಕೇಳಬಹುದೇ ಹೊರತು ತುಂಬಿಕೊಳ್ಳಲು ಮೈಕು ಇರಲಿಲ್ಲ. ಹಾಗಾಗಿ ಇವರ ಫೋನು ತಂದು ಒಂದು ಸಂಜೆ ಅಜ್ಜಿಯ ಮುಂದೆ ಹಿಡಿದ. ಅಜ್ಜಿ ನಾಚಿಕೊಂಡು, ಆಮೇಲೆ ಶುರು ಮಾಡಿದರು. ನಾನು ಒಲೆಯ ಮುಂದಿದ್ದೆ. ಮಗನಿಗೆ ಆ ಮಾರ್ಚಿಗೆ ಹತ್ತನೆಯ ತರಗತಿಯ ಬೋರ್ಡ್ ಪರೀಕ್ಷೆ. "ಸಾಕು, ಓದ್ಕೋ ಹೋಗು. ಪರೀಕ್ಷೆ ಮುಗೀಲಿ, ಎಲ್ಲಾ ಹಾಡೂ ನಿಧಾನಕ್ಕೆ ಮಾಡೋಣ" ಎಂದೆ.

ಪರೀಕ್ಷೆ ಮುಗಿಯಿತು. ಆಮೇಲೆ ಬೇಸಿಗೆ ಬಂತು, ಟ್ಯೂಷನ್ ಬಂತು, ಅತ್ತೆಗೆ ಮಂಡಿ ನೋವು ಬಂತು. ಫೋನು ಬದಲಾಯಿತು. 2011ರ ಮಳೆಗಾಲದಲ್ಲಿ ಅತ್ತೆ ಹೋದರು.

ಉಳಿದಿರುವುದು ನಲವತ್ತೊಂದು ಸೆಕೆಂಡ್. ಹಸೆಯ ಹಾಡಿನ ಒಂದು ನುಡಿ ಪೂರ್ತಿ, ಎರಡನೆಯದರ ಅರ್ಧ. ನಡುವೆ ಕುಕ್ಕರ್ ಎರಡು ಸೀಟಿ ಕೂಗುತ್ತದೆ. ಕೊನೆಯಲ್ಲಿ ಕೇಳುವ ದನಿ ಅತ್ತೆಯದಲ್ಲ, ನನ್ನದು: ಸಾಕು, ಓದ್ಕೋ ಹೋಗು.

ನಿಮಗೆ ಗೊತ್ತಿರುವುದನ್ನೇ ಬೇಗ ಹೇಳಿ ಮುಗಿಸುತ್ತೇನೆ. 2017ರಲ್ಲಿ ಸರೆಗಮದವರು ಹಳೆಯ ಹಾಡುಗಳನ್ನೇ ತುಂಬಿ ಕಾರವಾನ್ ಎಂಬ ಪೆಟ್ಟಿಗೆ ತಂದರು. ಚಂದಾ ಇಲ್ಲ, ಆಂಟೆನಾ ಇಲ್ಲ. ನೋಡಿದ ಕೂಡಲೇ ಇವರು "ಅಮ್ಮ ಇದ್ದಿದ್ದರೆ" ಎಂದರು. ನಾವು ಕೊಳ್ಳಲಿಲ್ಲ. 2019ರಲ್ಲಿ ಸ್ಪಾಟಿಫೈ ಭಾರತಕ್ಕೆ ಬಂತು. ಐಪಾಡ್ ಮಾಡುವುದನ್ನು ಆಪಲ್ 2022ರಲ್ಲಿ ನಿಲ್ಲಿಸಿತು. ವಿಂಕ್ ಎಂಬ ಆ್ಯಪ್ 2024ರಲ್ಲಿ ಬಾಗಿಲು ಹಾಕಿತು. ಆಕಾಶವಾಣಿಯ ಕನ್ನಡ ನಿಲಯಗಳು ಈಗ ನ್ಯೂಸ್ ಆನ್ ಏರ್ ಆ್ಯಪಿನಲ್ಲಿ ಪುಕ್ಕಟೆ ಸಿಗುತ್ತವೆ, ಗೊತ್ತಿಲ್ಲದಿದ್ದರೆ ಹಾಕಿಕೊಳ್ಳಿ. ಮಗ ನಮಗೆಲ್ಲ ಸೇರಿಸಿ ಕುಟುಂಬದ ಚಂದಾ ಕಟ್ಟಿದ್ದಾನೆ. ಫೋನಿಗೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ಹಾಡು ಕೇಳಬಹುದಂತೆ. ಚಂದಾ ನಿಂತರೆ ಆ ಇಳಿಸಿಕೊಂಡ ಹಾಡುಗಳಿಗೂ ಬೀಗ. ಅವನು ಹೇಳಿದಾಗ ನನಗೇನೂ ಆಶ್ಚರ್ಯವಾಗಲಿಲ್ಲ. ವರ್ಲ್ಡ್‌ಸ್ಪೇಸ್‌ನಲ್ಲೂ ಹಾಗೆಯೇ, ಪ್ರತಿ ಪೆಟ್ಟಿಗೆಗೂ ಒಂದು ಸಂಖ್ಯೆ, ದುಡ್ಡು ಕಟ್ಟಿದರೆ ಮೇಲಿನಿಂದಲೇ ಬೀಗ ತೆರೆಯುತ್ತಿದ್ದರು.

ಆ ನಲವತ್ತೊಂದು ಸೆಕೆಂಡನ್ನು ಮಗ ಐಪಾಡಿಗೆ ಹಾಕಿಕೊಂಡಿದ್ದ. ಅಲ್ಲಿಂದ ಲ್ಯಾಪ್‌ಟಾಪಿಗೆ, ಅಲ್ಲಿಂದ ಎಲ್ಲರ ಫೋನಿಗೆ. ಮಗಳು ಮೊನ್ನೆ ನೋಯ್ಡಾದ ಆಫೀಸಿನಿಂದ ಬರುವಾಗ ಅದನ್ನು ಕೇಳುತ್ತ ಬಂದಳಂತೆ. ಚಪ್ಪಲಿ ಬಿಡುತ್ತಲೇ, "ಅಮ್ಮ, ಹಸೆ ಅಂದ್ರೆ ಏನು?" ಎಂದಳು. ಅವಳು ಓದಿದ್ದೆಲ್ಲ ಇಲ್ಲಿ, ಕನ್ನಡ ಮಾತಾಡುತ್ತಾಳೆ, ಓದಲು ತಡವರಿಸುತ್ತಾಳೆ. ಮದುವೆಯಲ್ಲಿ ಕೂರಿಸುವ ಮಣೆ, ಅದರ ಕೆಳಗೆ ಬರೆಯುವ ಚಿತ್ತಾರ ಎಂದೆ. "ಮುಂದಿನ ಲೈನ್ ಏನು?" ಎಂದಳು.

ನನಗೆ ಬರುವುದಿಲ್ಲ.

ತೀರ್ಥಹಳ್ಳಿಯಲ್ಲಿರುವ ನಾದಿನಿಗೆ ಫೋನು ಮಾಡಿದೆವು. ಅವಳಿಗೆ ಮೂರು ನುಡಿ ಬರುತ್ತದೆ. ಆದರೆ ಎರಡನೆಯ ನುಡಿಯಲ್ಲಿ ಅವಳು ಹೇಳುವ ಮಾತು ಬೇರೆ, ರೆಕಾರ್ಡಿಂಗಿನಲ್ಲಿ ಅತ್ತೆ ಹಾಡಿದ್ದು ಬೇರೆ. "ಅಮ್ಮ ಮರೆತಿರಬೇಕು" ಎಂದಳು ನಾದಿನಿ. "ಅತ್ತೆ ಮರೆಯುವವರಲ್ಲ, ನೀನೇ ತಪ್ಪು ಕಲಿತಿದ್ದೀಯ" ಎಂದೆ ನಾನು. ಇಪ್ಪತ್ತು ನಿಮಿಷ ಜಗಳವಾಡಿದೆವು. ಮಗಳು ಪಕ್ಕದಲ್ಲಿ ಕುಳಿತು ಇಬ್ಬರ ಮಾತನ್ನೂ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದಳು.

ನಾದಿನಿ ಸಂಕ್ರಾಂತಿಗೆ ಇಲ್ಲಿಗೆ ಬರುತ್ತಾಳೆ. ಬೀಗರನ್ನು ಬೈಯುವ ಹಾಡು ಅವಳಿಗೆ ಪೂರ್ತಿ ಬರುತ್ತದಂತೆ. ನಿಮ್ಮಲ್ಲಿ ಯಾರಿಗಾದರೂ ಕೇಳುವ ಮನಸ್ಸಿದ್ದರೆ ಆ ದಿನ ಮಧ್ಯಾಹ್ನ ಮೂರು ಗಂಟೆಗೆ ನಮ್ಮ ಮನೆಗೆ ಬನ್ನಿ, ಫೋನು ಚಾರ್ಜ್ ಮಾಡಿಕೊಂಡು ಬನ್ನಿ. ಎಳ್ಳು ಬೆಲ್ಲ ಇರುತ್ತದೆ, ಕಾಫಿ ಫ್ಲಾಸ್ಕಿನಲ್ಲಿರುತ್ತದೆ. ಅಡುಗೆ ಬೆಳಿಗ್ಗೆಯೇ ಮುಗಿಸುತ್ತೇನೆ, ಆ ಹೊತ್ತಿಗೆ ಕುಕ್ಕರ್ ಇಡುವುದಿಲ್ಲ.